ಕೀ ಗೊಂಚಲು ನೇತುಹಾಕಿದ ಮೇಷ್ಟ್ರ ಬಗ್ಗೆ ಬರೆಯಿರಿ

ನಮಸ್ಕಾರ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮೇಷ್ಟ್ರು ತೀರಿಕೊಂಡ ವಾರದಲ್ಲೇ ಕೂತು ಅವರ ನೆನಪಿನ ಲೇಖನ ಬರೆದು ಕಳಿಸಿದ್ದೀರಿ. ಎರಡು ಸಲ ಓದಿದೆ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಮತ್ತೆ ಕಳಿಸಿ. ದುಃಖದಲ್ಲಿರುವವರಿಗೆ ಇದನ್ನು ಹೇಳುವುದು ನನಗೆ ಕಷ್ಟ. ಆದರೂ ಸುಮ್ನೆ ‘ಚೆನ್ನಾಗಿದೆ’ ಎಂದುಬಿಟ್ಟರೆ ನಿಮಗೂ ಅನ್ಯಾಯ, ಅವರಿಗೂ ಅನ್ಯಾಯ.

ಮೊದಲ ಪುಟದಲ್ಲಿ ‘ಜ್ಞಾನದ ಭಂಡಾರ’, ‘ಸರಳತೆಯ ಸಾಕಾರಮೂರ್ತಿ’, ‘ಅಜಾತಶತ್ರು’, ‘ತುಂಬಲಾರದ ನಷ್ಟ’ ಎಲ್ಲವೂ ಬಂದಿವೆ. ಇವು ಸುಳ್ಳು ಎನ್ನುತ್ತಿಲ್ಲ. ತೀರಿಕೊಂಡ ಯಾರ ಫೋಟೊ ಕೆಳಗಾದರೂ ಹಾಕಬಹುದಾದ ಮಾತುಗಳು, ಅದೇ ತೊಂದರೆ. ಪುಟ ಮುಗಿದರೂ ನಿಮ್ಮ ಮೇಷ್ಟ್ರು ಎತ್ತರ ಇದ್ದರೋ ಕುಳ್ಳಗಿದ್ದರೋ, ದನಿ ಹೇಗಿತ್ತು, ಕ್ಲಾಸಿಗೆ ಬಂದ ಕೂಡಲೇ ಏನು ಮಾಡುತ್ತಿದ್ದರು ಅನ್ನುವುದು ಒಂದೂ ಗೊತ್ತಾಗಲಿಲ್ಲ.

ಎರಡನೆಯ ಪುಟದ ನಡುವೆ ಒಂದು ಸಾಲಿದೆ. ‘ಸರ್ ಒಮ್ಮೆ ತಮ್ಮ ಕೀ ಗೊಂಚಲನ್ನೇ ದಾರಕ್ಕೆ ಕಟ್ಟಿ ಲೋಲಕದ ಪಾಠ ಮಾಡಿದ್ದರು.’ ಅಷ್ಟೇ. ಮುಂದಿನ ಸಾಲಿಗೆ ಮತ್ತೆ ‘ಅಗಾಧ ಪಾಂಡಿತ್ಯ’ ಬಂದುಬಿಡುತ್ತದೆ. ನಾನು ಮಾತ್ರ ಆ ಗೊಂಚಲಿನ ಹತ್ತಿರವೇ ನಿಂತುಬಿಟ್ಟೆ. ನೀವು ಬರೆಯಬೇಕಾದ ಲೇಖನ ಅಲ್ಲಿದೆ.

ಆ ಒಂದು ಪೀರಿಯಡ್ ಪೂರ್ತಿ ಬರೆಯಿರಿ. ದಾರ ಎಲ್ಲಿಂದ ತಂದರು? ಯಾವುದಕ್ಕೆ ನೇತುಹಾಕಿದರು? ಎಣಿಸಿದ್ದು ಯಾರು, ಗಡಿಯಾರ ನೋಡಿದ್ದು ಯಾರು? ದಾರ 1 ಮೀಟರ್ ಇದ್ದರೆ ಗೊಂಚಲು ಒಂದು ಸಲ ಹೋಗಿ ಬರಲು ಸುಮಾರು 2 ಸೆಕೆಂಡ್ ಬೇಕು, 10 ಸಲಕ್ಕೆ 20 ಸೆಕೆಂಡ್. ಭಾರ ಜಾಸ್ತಿ ಮಾಡಿದರೆ ಈ ಲೆಕ್ಕ ಬದಲಾಗುತ್ತದೆ ಎಂದು ಎಷ್ಟೋ ಮಕ್ಕಳು ನಂಬಿರುತ್ತಾರೆ. ಬದಲಾಗುವುದಿಲ್ಲ. ಒಂದು ಕೀ ಕಟ್ಟಿದರೂ ಅಷ್ಟೇ, ಹತ್ತು ಕಟ್ಟಿದರೂ ಅಷ್ಟೇ. ಬದಲಾಗಬೇಕಾದರೆ ದಾರ ಬದಲಾಗಬೇಕು. ಅದರಲ್ಲೂ 2 ಸೆಕೆಂಡನ್ನು 1 ಸೆಕೆಂಡ್ ಮಾಡಲು ದಾರವನ್ನು ಅರ್ಧ ಮಾಡಿದರೆ ಸಾಲದು, ಕಾಲು ಭಾಗಕ್ಕೆ, ಅಂದರೆ 25 ಸೆಂಟಿಮೀಟರಿಗೆ ಇಳಿಸಬೇಕು. ಇದನ್ನು ಅವರು ಮೊದಲೇ ಬೋರ್ಡ್ ಮೇಲೆ ಬರೆದರಾ, ಇಲ್ಲ ನೀವೆಲ್ಲ ತಪ್ಪು ಹೇಳುವವರೆಗೆ ಕಾದರಾ? ತಪ್ಪು ಹೇಳಿದಾಗ ಅವರ ಮುಖ ಹೇಗಿತ್ತು? ಮೇಷ್ಟ್ರು ಎಂಥವರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ, ಅಲ್ವಾ? ‘ಚೆನ್ನಾಗಿ ಪಾಠ ಮಾಡುತ್ತಿದ್ದರು’ ಎಂದು ಐದು ಕಡೆ ಬರೆದಿದ್ದೀರಿ. ಈ ಪೀರಿಯಡ್ ಬಂದರೆ ಐದನ್ನೂ ಹೊಡೆದುಹಾಕಬಹುದು.

ನೆನಪಿಲ್ಲದ್ದನ್ನು ಕಟ್ಟಿ ಬರೆಯಬೇಡಿ. ಜೊತೆಗೆ ಕೂತಿದ್ದವರಿಗೆ ಫೋನ್ ಮಾಡಿ. ಒಬ್ಬರು ಕೀ ಗೊಂಚಲು ಎಂದರೆ ಇನ್ನೊಬ್ಬರು ಕಲ್ಲು ಎನ್ನಬಹುದು. ಹಾಗಿದ್ದರೆ ಹಾಗೆಂದೇ ಬರೆಯಿರಿ, ಓದುವವರು ನಿಮ್ಮನ್ನು ಇನ್ನೂ ನಂಬುತ್ತಾರೆ. ಬೀಳ್ಕೊಡುಗೆಯ ದಿನ ಅವರು ಆಡಿದ್ದು ಎಂದು ಎಂಟು ಸಾಲಿನ ಭಾಷಣ ಕೊಟ್ಟಿದ್ದೀರಲ್ಲ, ಇಷ್ಟು ವರ್ಷದ ಮೇಲೆ ಅದು ಅಕ್ಷರಕ್ಷರ ನೆನಪಿರುತ್ತದೆ ಎಂದು ನನಗೆ ಅನ್ನಿಸಲಿಲ್ಲ. ಇಂದಿಗೂ ಕಿವಿಯಲ್ಲಿ ಉಳಿದಿರುವ ಒಂದೆರಡು ಮಾತು ಸಾಕು.

ಇನ್ನೊಂದು ವಿಷಯ. ‘ಅವರು ಎಂದೂ ಸಿಟ್ಟಾದವರಲ್ಲ’ ಎನ್ನುತ್ತೀರಿ. ಮೂರನೆಯ ಪುಟದಲ್ಲಿ ಅವರು ನಿಮ್ಮ ನೋಟ್‌ಬುಕ್ ಎಸೆದದ್ದೂ, ನೀವು ಎರಡು ದಿನ ಅವರ ಕಡೆ ನೋಡದೆ ಕೂತದ್ದೂ ಇದೆ. ಅದನ್ನು ಬರೆದು ಆಮೇಲೆ ಗೀಟು ಎಳೆದಿದ್ದೀರಿ. ಹೋದವರ ಬಗ್ಗೆ ಹೀಗೆ ಬರೆಯಬಾರದು ಎಂಬ ಅಳುಕು ನನಗೆ ಅರ್ಥವಾಗುತ್ತದೆ. ಆದರೂ ಗೀಟು ಅಳಿಸಿ. ತಪ್ಪೇ ಮಾಡದ ಮನುಷ್ಯನನ್ನು ನೀವು ಇಷ್ಟು ಪ್ರೀತಿಸುತ್ತಿರಲಿಲ್ಲ.

ಆಸ್ಪತ್ರೆಯ ಪ್ಯಾರಾ ಪೂರ್ತಿ ತೆಗೆಯಿರಿ. ನೀವು ಅಲ್ಲಿರಲಿಲ್ಲ, ಯಾರೋ ಹೇಳಿದ್ದನ್ನು ಕೇಳಿ ಬರೆದಿದ್ದೀರಿ. ಅವರ ಕಾಯಿಲೆ, ಕೊನೆಯ ದಿನಗಳು ಮನೆಯವರಿಗೆ ಸೇರಿದ್ದು. ಅವರು ಒಪ್ಪದೆ ಅದನ್ನು ನಾನು ಹಾಕುವುದಿಲ್ಲ.

ಕೊನೆಯಲ್ಲಿ ‘ಮತ್ತೆ ಹುಟ್ಟಿ ಬನ್ನಿ ಸರ್’ ಎಂದಿದ್ದೀರಿ. ಅದಕ್ಕಿಂತ ಒಂದು ಸಾಲು ಮುಂಚೆ, ‘ಅವರ ನಂಬರ್ ಮೂರು ವರ್ಷದಿಂದ ನನ್ನ ಫೋನಿನಲ್ಲಿತ್ತು, ಒಂದು ಸಲವೂ ಮಾಡಲಿಲ್ಲ’ ಎಂದಿದೆ. ಅದನ್ನು ಓದಿ ನನಗೆ ಗಂಟಲು ಕಟ್ಟಿತು. ನನಗೂ ಹೀಗೆ ಮಾತಾಡದೆ ಉಳಿದ ಒಬ್ಬ ಮೇಷ್ಟ್ರಿದ್ದರು. ಆ ಸಾಲನ್ನು ಲೇಖನದ ಮೊದಲಿಗೆ ತನ್ನಿ. ಕೊನೆಗಿಟ್ಟರೆ ಎಲ್ಲವೂ ನಿಮ್ಮ ನೋವಿನ ಕಥೆಯಾಗಿಬಿಡುತ್ತದೆ. ಮೊದಲಿಗಿಟ್ಟರೆ ಯಾಕೆ ಬರೆಯುತ್ತಿದ್ದೀರಿ ಎಂದು ಹೇಳಿ ಮುಗಿಸಿದ ಹಾಗಾಗುತ್ತದೆ. ಆಮೇಲೆ ಪೂರ್ತಿ ಜಾಗ ಅವರಿಗೇ.

800 ಪದ ಮೀರದಿರಲಿ. ಅವಸರವಿಲ್ಲ, ಎರಡು ತಿಂಗಳು ಬೇಕಾದರೂ ತೆಗೆದುಕೊಳ್ಳಿ. ಕಳಿಸುವಾಗ ಮೇಲೆ ‘ಕೀ ಗೊಂಚಲು’ ಎಂದು ಬರೆಯಿರಿ. ನಾನೇ ತೆರೆದು ಓದುತ್ತೇನೆ.

ನಿಮ್ಮ,
ಸಂಪಾದಕ