ಮೈಗೆ ಹಚ್ಚಿದ್ದು ಹೊಟ್ಟೆಗೂ ಹೋಗುತ್ತದೆ

ಪ್ರಶ್ನೆ: ಡಾಕ್ಟರ್ ಅಕ್ಕನವರಿಗೆ ನಮಸ್ಕಾರ. ನಮ್ಮ ಮನೆ ಅಂಕೋಲೆಯ ಹತ್ತಿರ, ಸಮುದ್ರದಿಂದ ಕೂಗಳತೆಯ ದೂರದಲ್ಲಿದೆ. ನಮ್ಮ ಕೆಂಚ ಆರು ವರ್ಷದ ನಾಟಿ ನಾಯಿ, ಹದಿನೆಂಟು ಕಿಲೋ ತೂಗುತ್ತಾನೆ. ಕಳೆದ ವರ್ಷ ಎರಡು ತಿಂಗಳು ಬಿಡದೆ ಭೇದಿಯಾಗಿ ಎಲುಬು ಕಾಣುವಷ್ಟು ಸೊರಗಿದ್ದ. ರಕ್ತ, ಮಲ, ಸ್ಕ್ಯಾನಿಂಗ್ ಎಲ್ಲ ಮಾಡಿಸಿದೆವು. ಕರುಳಿನ ದೀರ್ಘಕಾಲದ ಉರಿಯೂತ ಎಂದರು. ಪ್ರೆಡ್ನಿಸೊಲೋನ್ ಮಾತ್ರೆ ಮತ್ತು ಬಿ12 ಇಂಜೆಕ್ಷನ್‌ನಿಂದ ಚೇತರಿಸಿಕೊಂಡ. ಮೇ ತಿಂಗಳಲ್ಲಿ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಜೂನ್‌ನಲ್ಲಿ ಮಳೆ ಹಿಡಿದದ್ದೇ ತಡ, ತುರಿಕೆ ಶುರುವಾಯಿತು. ರಾತ್ರಿಯಿಡೀ ಪಾದ ನೆಕ್ಕುತ್ತಾನೆ, ಕಿವಿ ಕೆರೆದುಕೊಳ್ಳುತ್ತಾನೆ, ಹೊಟ್ಟೆಯ ಕೆಳಗೆ ಕೆಂಪಾಗಿದೆ. ಅತ್ತೆ ಪ್ರತಿ ಬುಧವಾರ ಮತ್ತು ಭಾನುವಾರ ಸಂಜೆ ತೆಂಗಿನೆಣ್ಣೆಗೆ ಅರಿಶಿನ, ಬೇವಿನ ಎಲೆ ಹಾಕಿ ಕಾಯಿಸಿ ಮೈಗೆಲ್ಲ ಹಚ್ಚುತ್ತಾರೆ. ಊಟಕ್ಕೆ ಕೋಳಿ ಬೇಯಿಸಿದ ಅನ್ನ, ರಾತ್ರಿ ಎರಡು ಚಮಚ ಮೊಸರು. ಮಾವ ತಾವು ಊಟ ಮಾಡುವಾಗ ಬಂಗಡೆಯ ತುಂಡು ಕೊಡದೆ ಇರುವುದಿಲ್ಲ. ಮೀನು, ಕೋಳಿ ಬಿಟ್ಟು ಬೇರೆ ಮಾಂಸ ನಮ್ಮ ಮನೆಗೆ ಬರುವುದಿಲ್ಲ. ತುರಿಕೆ ಹೊಟ್ಟೆಯ ರೋಗದಿಂದಲೇ ಬಂದಿದೆಯೇ? ಮನೆಯಲ್ಲಿರುವ ಸೆಟಿರಿಜಿನ್ ಕೊಡಬಹುದೇ? ಮಾತ್ರೆಯನ್ನು ನಾನೇ ಮತ್ತೆ ಹೆಚ್ಚಿಸಲೇ? ಈಗೀಗ ಸೋಮವಾರ, ಗುರುವಾರಗಳಲ್ಲಿ ಮಲವೂ ತೆಳ್ಳಗಾಗುತ್ತಿದೆ. ಹಳೆಯ ದಿನಗಳು ಮರಳಿ ಬಂದರೆ ಎಂದು ಎದೆ ನಡುಗುತ್ತದೆ.
(ಹೆಸರು ಬೇಡ, ಅಂಕೋಲಾ ತಾಲ್ಲೂಕು)

ಉತ್ತರ: ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಕೈಯಲ್ಲಿ ಪೆನ್ಸಿಲ್ ಇತ್ತು. ಅತ್ತೆಯವರು ಎಣ್ಣೆ ಹಚ್ಚುವುದು ಬುಧವಾರ ಮತ್ತು ಭಾನುವಾರ. ಮಲ ತೆಳ್ಳಗಾಗುವುದು ಗುರುವಾರ ಮತ್ತು ಸೋಮವಾರ. ಆ ಎರಡು ಸಾಲುಗಳ ನಡುವೆ ಒಂದು ಗೆರೆ ಎಳೆದೆ.

ಹದಿನೆಂಟು ಕಿಲೋ ನಾಯಿಯ ಮೈಗೆಲ್ಲ ಎಣ್ಣೆ ಹಚ್ಚಿದರೆ ಎಷ್ಟು ಚಮಚವಾದೀತು, ನೀವೇ ಲೆಕ್ಕ ಹಾಕಿ. ತುರಿಕೆಯಿರುವ ನಾಯಿ ರಾತ್ರಿ ಬೆಳಗಾಗುವುದರೊಳಗೆ ಅದರಲ್ಲಿ ಬಹುಪಾಲನ್ನು ನೆಕ್ಕಿ ನುಂಗಿರುತ್ತದೆ. ಗಟ್ಟಿ ಹೊಟ್ಟೆಯ ನಾಯಿ ಅದನ್ನು ಅರಗಿಸಿಕೊಂಡೀತು. ಉರಿಯೂತವಿರುವ ಕರುಳಿಗೆ ಅಷ್ಟು ಕೊಬ್ಬು ಒಮ್ಮೆಲೇ ಬಿದ್ದರೆ ತಡೆಯುವುದಿಲ್ಲ. ಶಿರಸಿಯ ನನ್ನ ಮನೆಯಲ್ಲೂ ಕರುಳಿನ ರೋಗದ ನಾಯಿಯೊಂದಿತ್ತು. ಅದರ ಒಡೆದ ಅಂಗಾಲಿಗೆ ನಾನೇ ತೆಂಗಿನೆಣ್ಣೆ ಹಚ್ಚುತ್ತಿದ್ದೆ. ಒಂದು ಬೆಳಿಗ್ಗೆ ಅದು ಮಲಗುವ ಸಿಮೆಂಟ್ ನೆಲದ ಮೇಲೆ ಬಿಸಿಲು ಬಿದ್ದಾಗ ಎಣ್ಣೆಯ ಪಸೆಯ ನಡುವೆ ನಾಲಿಗೆಯ ಗೆರೆಗಳು ಸಾಲುಸಾಲಾಗಿ ಹೊಳೆಯುತ್ತಿದ್ದವು. ಪಾದ ಮಾತ್ರವಲ್ಲ, ನೆಲವನ್ನೂ ನೆಕ್ಕಿತ್ತು. ಅದಕ್ಕೂ ಹಿಂದಿನ ಹದಿನೈದು ದಿನ ನಾನು ಭೇದಿಗೆ ಬೇರೆ ಬೇರೆ ಔಷಧ ಹುಡುಕುತ್ತಿದ್ದೆ. ಆದ್ದರಿಂದ ಹೊಟ್ಟೆ ಕೆಟ್ಟ ನಾಯಿಯ ಚರ್ಮಕ್ಕೆ ಏನನ್ನೇ ಹಚ್ಚುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಬಟ್ಟಲಿಗೆ ಹಾಕಿ ಕುಡಿಸುತ್ತಿದ್ದೆನೇ? ಸೀಮೆಎಣ್ಣೆ, ಸುಟ್ಟ ಎಂಜಿನ್ ಎಣ್ಣೆ, ಕರ್ಪೂರ ಹಚ್ಚುವವರು ನಮ್ಮ ಜಿಲ್ಲೆಯಲ್ಲಿ ಈಗಲೂ ಇದ್ದಾರೆ. ಅವು ನೇರವಾಗಿ ವಿಷ. ಅತ್ತೆಯವರ ಎಣ್ಣೆ ವಿಷವಲ್ಲ, ಪ್ರೀತಿಯಿಂದ ಕಾಯಿಸಿದ್ದು. ಆದರೂ ಈ ವಾರದಿಂದಲೇ ನಿಲ್ಲಿಸಿ.

ಇನ್ನು ತುರಿಕೆಯ ಮೂಲ. ಮೇ ತಿಂಗಳಲ್ಲಿ ಮಾತ್ರೆ ಇಳಿಯಿತು, ಜೂನ್‌ನಲ್ಲಿ ಮಳೆ ಬಂತು. ಎರಡೂ ಒಟ್ಟೊಟ್ಟಿಗೆ ಆದದ್ದರಿಂದ ಒಂದನ್ನೇ ದೂರುವಂತಿಲ್ಲ. ಪ್ರೆಡ್ನಿಸೊಲೋನ್ ಸ್ಟೀರಾಯ್ಡ್, ಕರುಳಿನ ಉರಿಯೂತದ ಜೊತೆಗೆ ಚರ್ಮದ ಅಲರ್ಜಿಯನ್ನೂ ಅದು ಅದುಮಿಡುತ್ತದೆ. ಇಷ್ಟು ದಿನ ಅಡಗಿದ್ದ ಅಲರ್ಜಿ ಪ್ರಮಾಣ ಇಳಿದ ಮೇಲೆ ತಲೆ ಎತ್ತಿರಬಹುದು. ಅದೇ ಸ್ಟೀರಾಯ್ಡ್ ಚರ್ಮದ ಕಾವಲನ್ನೂ ಸಡಿಲಗೊಳಿಸುತ್ತದೆ, ಹಾಗಾಗಿ ಬೆರಳ ಸಂದು ಒಣಗದ ನಮ್ಮ ಕರಾವಳಿಯ ಮಳೆಗಾಲದಲ್ಲಿ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಸುಲಭವಾಗಿ ಹೆಚ್ಚುತ್ತವೆ. ಪಾದ, ಕಿವಿ, ಹೊಟ್ಟೆಯ ಅಡಿ ಎಂದು ನೀವು ಬರೆದ ಜಾಗಗಳು ಅಲರ್ಜಿಯವೂ ಹೌದು, ಯೀಸ್ಟಿನವೂ ಹೌದು. ಪಾದ ಮೂಸಿ ನೋಡಿ. ಹಳಸಿದ ಎಣ್ಣೆಯಂಥ ಕಮಟು ವಾಸನೆ ಬಂದರೆ ಯೀಸ್ಟ್ ಇರುವ ಸಾಧ್ಯತೆ ಹೆಚ್ಚು. ವೈದ್ಯರು ಸೆಲ್ಲೊಟೇಪನ್ನು ಚರ್ಮಕ್ಕೆ ಒತ್ತಿ ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪುಟ್ಟ ಶೇಂಗಾಕಾಯಿಗಳಂತೆ ನೇರಳೆ ಬಣ್ಣದಲ್ಲಿ ಕಾಣಿಸುತ್ತದೆ. ಕೆಲವೇ ನಿಮಿಷದ ಕೆಲಸ. ದಯವಿಟ್ಟು ಕೇಳಿ ಮಾಡಿಸಿ. ಚರ್ಮ ಕೆರೆದು ನುಸಿ ಇದೆಯೇ ಎಂದೂ ನೋಡಲಿ, ಸ್ಟೀರಾಯ್ಡ್ ತಿನ್ನುವ ವಯಸ್ಸಿಗೆ ಬಂದ ನಾಯಿಗಳಲ್ಲಿ ಡೆಮೊಡೆಕ್ಸ್ ನುಸಿ ಏಳುವುದುಂಟು.

ಚಿಗಟದ ಪರೀಕ್ಷೆಯನ್ನು ನೀವೇ ಮಾಡಬಹುದು. ಹೇನು ಬಾಚಣಿಗೆಯಿಂದ ಬಾಲದ ಬುಡದ ಕೂದಲನ್ನು ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಹಾಕಿ ಬೆರಳಿನಿಂದ ಉಜ್ಜಿ. ಮಣ್ಣಾದರೆ ಕರಿಯಾಗಿಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಕೆಂಪು-ಕಂದಾಗಿ ಹರಡುತ್ತದೆ, ಏಕೆಂದರೆ ಅದು ಜೀರ್ಣವಾದ ರಕ್ತ. ಚಿಗಟ ಸಿಗದಿದ್ದರೂ ಚಿಗಟ, ಉಣುಗಿನ ಔಷಧ ತಪ್ಪದೆ ಹಾಕಿಸಿ. ಬಾಯಿಗೆ ಕೊಡುವ, ಅಗಿದು ತಿನ್ನುವ ಮಾತ್ರೆಗಳಲ್ಲಿ ಮಾಂಸದ ಸ್ವಾದ ಬೆರೆಸಿರುತ್ತಾರೆ. ಮುಂದೆ ಹೇಳುವ ಪಥ್ಯ ಮುಗಿಯುವವರೆಗೆ ಕತ್ತಿನ ಹಿಂದೆ ಬಿಡುವ ಹನಿ ಔಷಧವೇ ಆಗಬೇಕು. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಇರುವುದನ್ನು ತರಬೇಡಿ, ಬೆಕ್ಕಿಗೆ ಅದು ಪ್ರಾಣಾಂತಿಕ.

ಯೀಸ್ಟ್ ಅಥವಾ ಬ್ಯಾಕ್ಟೀರಿಯಾ ಸಿಕ್ಕರೆ ತಕ್ಷಣ ಆಂಟಿಬಯಾಟಿಕ್ ಮಾತ್ರೆಗೆ ಕೈ ಹಾಕದಂತೆ ನಿಮ್ಮ ವೈದ್ಯರಲ್ಲಿ ವಿನಂತಿಸಿ. ಕೆಂಚನ ಕರುಳು ಅದರಿಂದ ಮತ್ತೆ ಕೆಡಬಹುದು. ಮೇಲುಮೇಲಿನ ಸೋಂಕಾದರೆ ಕ್ಲೋರ್‌ಹೆಕ್ಸಿಡಿನ್, ಮೈಕೊನಜೋಲ್ ಎರಡೂ ಇರುವ ನಾಯಿಯ ಶಾಂಪೂ ವಾರಕ್ಕೆ ಎರಡು ಸಲ ಸಾಕಾಗುತ್ತದೆ. ಗುಟ್ಟು ಇರುವುದು ಸಮಯದಲ್ಲಿ. ನೊರೆ ಹಚ್ಚಿ ಹತ್ತು ನಿಮಿಷ ಗಡಿಯಾರ ನೋಡಿ ಬಿಡಬೇಕು, ಅಷ್ಟು ಹೊತ್ತು ಅವನು ನೆಕ್ಕದಂತೆ ಯಾರಾದರೂ ಹಿಡಿದಿರಬೇಕು. ಆ ಕೆಲಸವನ್ನು ಅತ್ತೆಯವರಿಗೇ ಒಪ್ಪಿಸಿ. ಬುಧವಾರ, ಭಾನುವಾರವೇ ಆಗಲಿ. ಎಣ್ಣೆ ಹಚ್ಚುವ ಕೈಗೆ ಅವನು ಈಗಾಗಲೇ ಒಗ್ಗಿದ್ದಾನೆ. ಆಮೇಲೆ ಚೆನ್ನಾಗಿ ತೊಳೆದು, ಹಳೆಯ ಹತ್ತಿ ಪಂಚೆಯಿಂದ ಪ್ರತಿ ಬೆರಳ ಸಂದನ್ನೂ ಒತ್ತಿ ಒರೆಸಿ. ಮಳೆಯಲ್ಲಿ ತಿರುಗಿ ಬಂದಾಗಲೂ ಹೀಗೆಯೇ. ಕಿವಿಗೆ ಮಾತ್ರ ವೈದ್ಯರು ಪರದೆ ನೋಡುವವರೆಗೆ ಏನನ್ನೂ ಹಾಕಬೇಡಿ.

ಈಗ ಪಥ್ಯ. ಕೋಳಿ-ಅನ್ನ ಹೊಟ್ಟೆಗೆ ಹಗುರ ಎಂದು ನಾವು ವೈದ್ಯರೇ ಹೇಳುತ್ತ ಬಂದಿದ್ದೇವೆ. ಆದರೆ ನಾಯಿಗಳಲ್ಲಿ ಆಹಾರದ ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವವು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ ಮತ್ತು ಗೋಧಿ. ಕೆಂಚ ದಿನಾ ತಿನ್ನುವುದರಲ್ಲಿ ಎರಡು ಈ ಪಟ್ಟಿಯಲ್ಲಿವೆ. ಒಂದೇ ಅಲರ್ಜಿ ಕರುಳಲ್ಲೂ ಚರ್ಮದಲ್ಲೂ ಕಾಣಿಸಿಕೊಳ್ಳುವುದುಂಟು. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಅದು: ಹೊಟ್ಟೆಯಿಂದ ತುರಿಕೆ ಬಂತು ಎನ್ನುವುದಕ್ಕಿಂತ, ಎರಡಕ್ಕೂ ಒಂದೇ ಬೇರು ಇರಬಹುದು. ರಕ್ತ ಅಥವಾ ಕೂದಲಿನ ಪರೀಕ್ಷೆಯಿಂದ ಇದನ್ನು ನಂಬುವಂತೆ ಪತ್ತೆ ಮಾಡಲಾಗುವುದಿಲ್ಲ, ಹಣ ಸುರಿಯಬೇಡಿ. ಉಳಿದಿರುವ ದಾರಿ ಎಂಟು ವಾರದ ಕಟ್ಟುನಿಟ್ಟಿನ ಪಥ್ಯ. ಆಹಾರವೇ ಕಾರಣವಾಗಿದ್ದರೆ ಕರುಳು ಸಾಮಾನ್ಯವಾಗಿ ಎರಡು ವಾರದೊಳಗೆ ಹೇಳಿಬಿಡುತ್ತದೆ, ಚರ್ಮ ನಿಧಾನ.

ನನ್ನ ಮೊದಲ ಆಯ್ಕೆ ಪ್ರೋಟೀನನ್ನು ಚೂರುಚೂರಾಗಿ ಒಡೆದು ಮಾಡಿದ ಹೈಡ್ರೊಲೈಸ್ಡ್ ಆಹಾರ. ದುಬಾರಿ, ಆದರೆ ಕರುಳಿಗೂ ಹಗುರ. ಅದು ಕೈಗೆಟುಕದಿದ್ದರೆ, ನಿಮ್ಮ ಮನೆಗೆ ಬಾರದ ಆಡಿನ ಮಾಂಸವೇ ಕೆಂಚನಿಗೆ ಹೊಸದು. ಕೊಬ್ಬು ತೆಗೆದು, ಉಪ್ಪು, ಎಣ್ಣೆ, ಈರುಳ್ಳಿ ಏನೂ ಹಾಕದೆ ಬೇಯಿಸಿ, ಬೆಂದ ಗೆಣಸಿನ ಜೊತೆ ಕೊಡಿ. ಹಾಲು-ಮೊಸರು ಒಗ್ಗದ ಕೆಲವು ನಾಯಿಗಳಿಗೆ ಆಡಿನ ಮಾಂಸವೂ ಒಗ್ಗುವುದಿಲ್ಲ, ಅದಕ್ಕಾಗಿಯೇ ಇದು ನನ್ನ ಎರಡನೆಯ ಆಯ್ಕೆ. ಹಳೆಯ ಊಟದಿಂದ ಹೊಸದಕ್ಕೆ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಿ, ಎಂಟು ವಾರದ ಎಣಿಕೆ ಆಮೇಲಿನಿಂದ. ಮನೆಯ ಈ ಊಟದಲ್ಲಿ ಕ್ಯಾಲ್ಸಿಯಂ ಸಾಲದು, ಮುಂದುವರಿಸುವುದಾದರೆ ವೈದ್ಯರಿಂದ ಸರಿಪಡಿಸಿಕೊಳ್ಳಬೇಕು.

ಮಾವನವರ ಬಂಗಡೆಯೂ ನಿಲ್ಲಬೇಕು. ಒಂದು ತುಂಡು ಮೀನು, ಒಂದು ಬಿಸ್ಕತ್ತು ಇಡೀ ಪರೀಕ್ಷೆಯನ್ನು ಕೆಡಿಸುತ್ತದೆ. ನಡುವೆ ಚೌತಿ ಬರುತ್ತದೆ, ಮನೆ ತುಂಬ ನೆಂಟರು, ಮಕ್ಕಳ ಕೈಯಲ್ಲಿ ಚಕ್ಕುಲಿ, ಪಂಚಕಜ್ಜಾಯ. ಆ ಎರಡು ದಿನ ಕೆಂಚನನ್ನು ಹಿತ್ತಲ ಕಡೆಯ ಕೋಣೆಯಲ್ಲಿ ಇರಿಸಿ, ಮಾವನವರನ್ನೇ ಕಾವಲಿಗೆ ಕೇಳಿಕೊಳ್ಳಿ. ಮಾತ್ರೆಯನ್ನು ಕೂಡ ಚೀಸ್ ಅಥವಾ ಮೀನಿನಲ್ಲಿ ಅಡಗಿಸಿ ಕೊಡಬೇಡಿ, ಗೆಣಸಿನ ಮುದ್ದೆಯಲ್ಲಿ ಇಡಿ.

ಸೆಟಿರಿಜಿನ್‌ನಿಂದ ಹೆಚ್ಚಿನ ನಾಯಿಗಳಿಗೆ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ನಿಮ್ಮ ಡಬ್ಬಿಯಲ್ಲಿರುವುದು ನೆಗಡಿ ಮಾತ್ರೆಯಾಗಿದ್ದರೆ ಅದರಲ್ಲಿ ಪ್ಯಾರಾಸಿಟಮಾಲ್, ಫಿನೈಲೆಫ್ರಿನ್ ಸೇರಿರುತ್ತವೆ, ಅವು ನಾಯಿಗೆ ಅಪಾಯ. ಮನುಷ್ಯರ ನೋವಿನ ಮಾತ್ರೆಯನ್ನಂತೂ ಮುಟ್ಟಲೇಬೇಡಿ. ಸ್ಟೀರಾಯ್ಡ್ ಜೊತೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ತೂತೂ ಬೀಳಬಹುದು. ಪ್ರೆಡ್ನಿಸೊಲೋನ್ ಪ್ರಮಾಣವನ್ನು ನೀವಾಗಿ ಏರಿಸಬೇಡಿ, ಒಮ್ಮೆಲೇ ನಿಲ್ಲಿಸಲೂ ಬೇಡಿ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಹೊರಗಿನಿಂದ ಸಿಕ್ಕಿದ್ದರಿಂದ ಅವನ ದೇಹ ತನ್ನ ಪಾಲಿನದನ್ನು ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ, ಹಠಾತ್ತನೆ ನಿಂತರೆ ಕುಸಿದು ಬೀಳಬಹುದು. ಪಥ್ಯದ ಎಂಟು ವಾರ ಈಗಿನ ಪ್ರಮಾಣವನ್ನೇ ಕದಲಿಸದೆ ಇಡಬಹುದೇ ಎಂದು ವೈದ್ಯರನ್ನು ಕೇಳಿ. ಮಾತ್ರೆ, ಊಟ ಎರಡೂ ಒಟ್ಟಿಗೆ ಬದಲಾದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯದು.

ವಾಂತಿ, ಕಪ್ಪು ಅಥವಾ ರಕ್ತ ಬೆರೆತ ಮಲ, ಊಟ ಬಿಡುವುದು, ಹೊಟ್ಟೆಯಲ್ಲಿ ನೀರು ತುಂಬಿದಂತೆ ಉಬ್ಬುವುದು ಕಂಡರೆ ಕಾಯಬೇಡಿ, ಅದೇ ದಿನ ಹೊರಡಿ. ನಿಮ್ಮಲ್ಲಿ ಸೌಲಭ್ಯ ಸಾಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ.

ಒಂದು ಇನ್ನೂರು ಪುಟದ ನೋಟ್‌ಪುಸ್ತಕ ತಂದು ಅಡುಗೆಮನೆಯ ಮೊಳೆಗೆ ತೂಗುಹಾಕಿ. ಪ್ರತಿದಿನ ಒಂದು ಸಾಲು: ತುರಿಕೆ ಹತ್ತಕ್ಕೆ ಎಷ್ಟು, ಮಲ ಗಟ್ಟಿಯೋ ತೆಳುವೋ, ಬಾಯಿಗೆ ಏನು ಹೋಯಿತು, ಮೈಗೆ ಏನು ತಾಗಿತು. ಎಂಟು ವಾರದಲ್ಲಿ ಹತ್ತರ ತುರಿಕೆ ಮೂರಕ್ಕೆ ಇಳಿದರೆ, ವೈದ್ಯರಿಗೆ ತಿಳಿಸಿ ಕೋಳಿಯೊಂದನ್ನೇ ಮತ್ತೆ ಕೊಟ್ಟು ಎರಡು ವಾರ ನೋಡಿ. ತುರಿಕೆ ಮರಳಿದರೆ ಕೋಳಿ ಅವನಿಗೆ ಬೇಡ. ಮರಳದಿದ್ದರೆ ಮುಂದಿನ ಸರದಿ ಮೊಸರಿನದು, ಕೊನೆಯದು ಬಂಗಡೆಯದು. ಮಾವನವರಿಗೆ ಈ ಕ್ರಮವನ್ನು ಮೊದಲೇ ಹೇಳಿಡಿ, ಅವರ ಸರದಿಯೂ ಬರುತ್ತದೆ. ಹೊರಡುವ ಮೊದಲು ಆ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಿ.