ಗ್ರಾಹಕ ಕಂಪನಿ ದಿವಾಳಿಯಾದರೆ ನಮ್ಮ ಬಾಕಿಗೆ ವಕೀಲರನ್ನು ಇಡಬೇಕೇ?
ನಿಮ್ಮಿಂದ ಮಾಲು ಕೊಂಡ ಕಂಪನಿ ಎನ್‌ಸಿಎಲ್‌ಟಿ (ದಿವಾಳಿ ಕೇಸು ನೋಡುವ ಕಂಪನಿ ನ್ಯಾಯಮಂಡಳಿ) ಮೆಟ್ಟಿಲೇರಿದೆ, ಬಾಕಿಗೆ ವಕೀಲರನ್ನು ಇಡಲಾ ಅಂತ ಕೇಳಿದ್ದೀರಿ. 2019ರಲ್ಲಿ ನಾನೂ ಇದನ್ನೇ ಯೋಚಿಸುತ್ತಾ ಕೂತು ಕೆಟ್ಟೆ.

ಪೀಣ್ಯದಲ್ಲಿ ನಮ್ಮದು ನಾಲ್ಕು ಲೇಥ್‌ಗಳ ಶೆಡ್. ಒಂದು ಕಂಪನಿಯಿಂದ 11,40,000 ರೂಪಾಯಿ ಬರಬೇಕಿತ್ತು. ಅದು ದಿವಾಳಿ ಪ್ರಕ್ರಿಯೆಗೆ ಹೋಯಿತು ಅಂದಾಗ ನಾನು ಹೆದರಲಿಲ್ಲ. ಅವರೇ ಕೊಟ್ಟ ಬ್ಯಾಲೆನ್ಸ್ ಕನ್ಫರ್ಮೇಶನ್ ಪತ್ರ ನನ್ನ ಫೈಲಿನಲ್ಲಿತ್ತು. ನೇರಳೆ ಬಣ್ಣದ ದುಂಡು ಸೀಲು, ಅಕೌಂಟೆಂಟ್ ಸಹಿ, ಪೈಸೆಪೈಸೆ ಲೆಕ್ಕ. "ನಿಮ್ಮ ಬಿಲ್ಲೆಲ್ಲಾ ನಮ್ಮ ಪುಸ್ತಕದಲ್ಲಿದೆ ಸಾರ್, ತಲೆ ಕೆಡಿಸ್ಕೋಬೇಡಿ" ಅಂದರು ಆ ಅಕೌಂಟೆಂಟ್. ನಂಬಿದೆ.

ಎಡವಿದ್ದು ಅಲ್ಲೇ. ಪುಸ್ತಕದಲ್ಲಿ ಬಾಕಿ ಇರುವುದು ಬೇರೆ, ನಾವು ಕ್ಲೇಮ್ ಹಾಕುವುದು ಬೇರೆ. ಪ್ರಕ್ರಿಯೆ ಶುರುವಾದರೆ ಕಂಪನಿ ರೆಸಲ್ಯೂಶನ್ ಪ್ರೊಫೆಷನಲ್ (ದಿವಾಳಿ ಪ್ರಕ್ರಿಯೆ ನಡೆಸಲು ನೇಮಿಸಿದ ಅಧಿಕಾರಿ) ಕೈಗೆ ಹೋಗುತ್ತದೆ. ಹಳೇ ಅಕೌಂಟೆಂಟ್ ಮಾತು ನಡೆಯಲ್ಲ. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಅದರಲ್ಲಿರುವ ಕೊನೆಯ ದಿನದೊಳಗೆ ನಾವೇ ಫಾರ್ಮ್ ಬಿ, ಅಂದರೆ ಮಾಲು ಕೊಟ್ಟವರ ಕ್ಲೇಮ್ ಅರ್ಜಿ, ಅವರಿಗೆ ಕೊಡಬೇಕು. ತಡವಾದವರಿಗೆ ಆಗ 90 ದಿನದ ಗಡುವಿತ್ತು. ನಾನು ಹೋಗಿದ್ದು ಏಳನೇ ತಿಂಗಳು. ಆ ಪತ್ರ ಸಾಕ್ಷಿ ಅಷ್ಟೇ, ಕ್ಲೇಮ್ ಅಲ್ಲ ಅಂದರು ರೆಸಲ್ಯೂಶನ್ ಪ್ರೊಫೆಷನಲ್. ಕಂಪನಿಯನ್ನು ಉಳಿಸಿ ಯಾರಿಗೆ ಎಷ್ಟು ಕೊಡಬೇಕು ಅಂತ ಹೇಳುವ ಪ್ಲಾನ್ ಒಪ್ಪಿಗೆಯಾಯಿತು, ಅದರಲ್ಲಿ ನನ್ನ ಹೆಸರೇ ಇರಲಿಲ್ಲ. ಪ್ಲಾನ್‌ನಲ್ಲಿ ಇಲ್ಲದ ಬಾಕಿ ಅಲ್ಲಿಗೆ ಮುಗಿಯಿತು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು.

ಈ ದಿವಾಳಿ ಕಾನೂನು ನಮ್ಮ ದುಡ್ಡು ವಸೂಲಿ ಮಾಡಿಕೊಡುತ್ತೆ ಅಂದುಕೊಂಡಿದ್ದೀರಲ್ವಾ, ಅದನ್ನು ನಾನು ಒಪ್ಪಲ್ಲ. ಪ್ಲಾನ್ ಒಪ್ಪುವ ಸಮಿತಿಯಲ್ಲಿ ಮತ ಹಾಕುವವರು ಬ್ಯಾಂಕುಗಳಂಥ ಸಾಲ ಕೊಟ್ಟವರು. ಮಾಲು ಕೊಟ್ಟವರ ಬಾಕಿ ಒಟ್ಟು ಸಾಲದ 10% ಇದ್ದರೂ ಸಭೆಯಲ್ಲಿ ಕೂರಬಹುದು, ಮತವಿಲ್ಲ. ಹಂಚುವಾಗಲೂ ನಾವು ಹಿಂದಿನ ಸಾಲಿನಲ್ಲಿ. ಸರದಿ ಬರುವಷ್ಟರಲ್ಲಿ ಎಷ್ಟೋ ಸಲ ಗಡಿಗೆ ಖಾಲಿ. ಬಾಕಿ ಉಳಿಸಿದ ಕಂಪನಿಯ ಮೇಲೆ ನಾವೇ ದಿವಾಳಿ ಅರ್ಜಿ ಹಾಕಲು ಬೇಕಾದ ಕನಿಷ್ಠ ಬಾಕಿ 2020ರ ಮಾರ್ಚ್‌ನಲ್ಲಿ 1 ಲಕ್ಷದಿಂದ 1 ಕೋಟಿಗೆ ಏರಿತು, ನಮ್ಮಂಥವರಿಗೆ ಆ ಬಾಗಿಲೂ ಮುಚ್ಚಿತು. ರೆಸಲ್ಯೂಶನ್ ಪ್ರೊಫೆಷನಲ್ ಪುಸ್ತಕ ನೋಡಿ ಬಾಕಿ ಬರಬೇಕಾದವರಿಗೆ ತಿಳಿಸಬೇಕು ಅಂತ 2022ರಲ್ಲಿ ನಿಯಮ ಬಂತು. ಸಾಲದು. ಪುಸ್ತಕದಲ್ಲಿರುವ ಸಣ್ಣ ಘಟಕಗಳ ಬಾಕಿಯನ್ನು ನೇರವಾಗಿ ಕ್ಲೇಮ್ ಅಂತಲೇ ಹಿಡಿಯಬೇಕು, ಮತವನ್ನೂ ಕೊಡಬೇಕು.

ವಕೀಲರ ಮಾತು ಆಮೇಲೆ. ಬಿಲ್, ಡೆಲಿವರಿ ಚಲನ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿ ಫಾರ್ಮ್ ಬಿ ಇವತ್ತೇ ರೆಸಲ್ಯೂಶನ್ ಪ್ರೊಫೆಷನಲ್‌ಗೆ ಈಮೇಲ್ ಮಾಡಿ. ನೀವೇ ತುಂಬಬಹುದು. ಕೊನೆಯ ದಿನ ದಾಟಿದ್ದರೂ ತಡವಾದ ಕಾರಣ ಬರೆದು ಕಳಿಸಿ.