ಅಂಬಾಸಿಡರಿನ ಹೆಡ್‌ಲೈಟ್ ಮಂಕಾದರೆ ಬಲ್ಬಿಗಿಂತ ಮೊದಲು ನೋಡಬೇಕಾದದ್ದು

ಬದಿಯಡ್ಕದ ಮನೆಯಲ್ಲಿ ನೀವು ಇಟ್ಟುಕೊಂಡಿರುವ 1977ರ ಅಂಬಾಸಿಡರ್ ಮಾರ್ಕ್ 3 ಕಾರಿನ ಎಡಗಡೆಯ ಹೆಡ್‌ಲೈಟ್ ಮಳೆಗಾಲ ಹಿಡಿದಂದಿನಿಂದ ಮಂಕಾಗಿದೆ, ಎಡಕ್ಕೆ ಇಂಡಿಕೇಟರ್ ಹಾಕಿದರೆ ಅದರ ಜೊತೆಗೇ ಹೆಡ್‌ಲೈಟ್ ಕೂಡ ಮಿಣುಕುತ್ತದೆ, ಬ್ರೈಟ್ ಮತ್ತು ಡಿಮ್ ಬದಲಿಸುವ ಕಾಲಿನ ಸ್ವಿಚ್ಚಾದ ಡಿಪ್ಪರನ್ನು ಕೆಲವೊಮ್ಮೆ ಎರಡು ಮೂರು ಸಲ ಮೆಟ್ಟಬೇಕಾಗುತ್ತದೆ ಎಂದು ಬರೆದಿದ್ದೀರಿ. ಬಲ್ಬನ್ನು ಎರಡು ಸಲ ಬದಲಿಸಿಯೂ ಫಲ ಸಿಗದೆ, ಈಗ ಇಡೀ ವಯರಿಂಗನ್ನೇ ಹೊಸದು ಮಾಡಿಸಬೇಕೇ ಎಂದು ಕೇಳಿದ್ದೀರಿ. ಬೇಡ ಎಂಬುದು ನನ್ನ ಉತ್ತರ. ನೀವು ಹೇಳಿದ ಲಕ್ಷಣಗಳಲ್ಲಿ ಮೊದಲೆರಡು ಒಂದೇ ದೋಷದ ಎರಡು ಮುಖಗಳು, ಮೂರನೆಯದು ಬೇರೆಯ ದೋಷ. ಎರಡನ್ನೂ ವೋಲ್ಟೇಜ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರಿನಿಂದ ಮನೆಯ ಅಂಗಳದಲ್ಲಿಯೇ ಪತ್ತೆಹಚ್ಚಬಹುದು. ಪೆರ್ಲದ ಸಮೀಪದ ನಮ್ಮ ಮನೆಯಲ್ಲಿಯೂ ಇದೇ ಮಾದರಿಯ ಕಾರು ಇದೆ, ಅದರ ದೀಪಗಳನ್ನು ನಾನೇ ಸರಿಪಡಿಸಿಕೊಂಡು ಬಂದಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ತಪ್ಪು ಅಳತೆಯ ಬಗ್ಗೆ ಎಚ್ಚರಿಸಬೇಕು. ಬಲ್ಬಿನಿಂದ ಕನೆಕ್ಟರನ್ನು ಕಳಚಿ, ಅದರೊಳಗೆ ಮೀಟರಿನ ಮೊನೆಗಳನ್ನಿಟ್ಟು, 12 ವೋಲ್ಟ್ ಬರುತ್ತಿದೆಯಲ್ಲ, ವಯರ್ ಸರಿಯಿದೆ ಎಂದು ತೀರ್ಮಾನಿಸುವವರೇ ಹೆಚ್ಚು. ನಮ್ಮ ಕಡೆ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನು ತೋಟಕ್ಕೆ ಪೈಪಿನಲ್ಲಿ ತರುವವರಿಗೆ ಈ ತಪ್ಪು ಸುಲಭವಾಗಿ ಅರ್ಥವಾಗುತ್ತದೆ. ಪೈಪಿನೊಳಗೆ ಕಸ ಕಟ್ಟಿಕೊಂಡಿದ್ದರೂ ಕೆಳಗಿನ ತುದಿಯನ್ನು ಮುಚ್ಚಿ ಹಿಡಿದಾಗ ಒತ್ತಡ ಪೂರ್ತಿಯಾಗಿಯೇ ಇರುತ್ತದೆ. ನೀರು ಹರಿಯಲು ಬಿಟ್ಟ ಮೇಲೆ ಮಾತ್ರ ಅದು ಬತ್ತಿದ್ದು ಗೊತ್ತಾಗುತ್ತದೆ. ಕರೆಂಟ್ ಹರಿಯದಿರುವಾಗ ತುಕ್ಕು ಹಿಡಿದ ಜೋಡಣೆಯೂ ಹಾಗೆಯೇ 12 ವೋಲ್ಟ್ ತೋರಿಸುತ್ತದೆ. ಆದ್ದರಿಂದ ಬಲ್ಬ್ ಉರಿಯುತ್ತಿರುವಾಗಲೇ, ಕನೆಕ್ಟರಿನ ಹಿಂಬದಿಯಿಂದ ಮೊನೆಯನ್ನು ತೂರಿಸಿ ಅಳೆಯಬೇಕು.

ನಷ್ಟ ಎಷ್ಟೆಂಬುದನ್ನು ಲೆಕ್ಕದಲ್ಲಿ ನೋಡಿದರೆ ಇದರ ಮಹತ್ವ ತಿಳಿಯುತ್ತದೆ. ಬ್ರೈಟ್‌ನಲ್ಲಿ 60, ಡಿಮ್‌ನಲ್ಲಿ 55 ವಾಟಿನ, ಅಂದರೆ 60/55ರ ಬಲ್ಬ್ ಡಿಮ್‌ನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಎಲ್ಲಿಯಾದರೂ ಅರ್ಧ ಓಮ್‌ನಷ್ಟು ಅಡ್ಡಿ ಇದ್ದರೆ ಅಲ್ಲಿಯೇ ಸುಮಾರು 2 ವೋಲ್ಟ್ ಕರಗಿಹೋಗುತ್ತದೆ. ತಂತಿ ಕಾದು ಬೆಳಗುವ ಬಲ್ಬುಗಳಲ್ಲಿ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುವುದರಿಂದ, ಹತ್ತರಲ್ಲಿ ಒಂದು ಪಾಲು ವೋಲ್ಟೇಜ್ ಕಡಿಮೆಯಾದರೆ ಬೆಳಕು ಸುಮಾರು ಮೂರನೆಯ ಒಂದು ಪಾಲು ಇಳಿಯುತ್ತದೆ. 12ರ ಬದಲು 10 ವೋಲ್ಟ್ ಮಾತ್ರ ತಲುಪಿದರೆ ಹೆಚ್ಚುಕಡಿಮೆ ಅರ್ಧ ಬೆಳಕೇ ಉಳಿಯುತ್ತದೆ. ನೀವು ಹಾಕಿದ ಎರಡೂ ಹೊಸ ಬಲ್ಬುಗಳು ಸರಿಯಾಗಿಯೇ ಇದ್ದಿರಬೇಕು.

ಇನ್ನು ಅಳೆಯುವ ಕ್ರಮ. ನಿಮ್ಮ ಬ್ಯಾಟರಿಯ ಯಾವ ತುದಿ ಕಾರಿನ ಬಾಡಿಯ ಲೋಹಕ್ಕೆ ಜೋಡಣೆಯಾಗಿದೆ ಎಂದು ಮೊದಲು ನೋಡಿಕೊಳ್ಳಿ. ತೀರ ಹಳೆಯ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಪಾಸಿಟಿವ್ ತುದಿಯನ್ನು ಬಾಡಿಯ ಲೋಹಕ್ಕೆ ಜೋಡಿಸುವ ಪದ್ಧತಿಯಿತ್ತು, ಅಂಥದ್ದಾದರೆ ಮುಂದಿನ ಮಾತುಗಳನ್ನು ಅದಲುಬದಲಾಗಿ ಓದಿಕೊಳ್ಳಬೇಕು. ನೆಗೆಟಿವ್ ತುದಿ ಬಾಡಿಯಲ್ಲಿದ್ದರೆ, ಎಂಜಿನ್ ನಿಲ್ಲಿಸಿ, ಹೆಡ್‌ಲೈಟ್ ಉರಿಸಿ, ಮೀಟರಿನ ಒಂದು ಮೊನೆಯನ್ನು ಎಡ ಬಲ್ಬಿನ ಅರ್ತ್ ಪಿನ್ನಿಗೂ (ಕರೆಂಟ್ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ಪಿನ್) ಇನ್ನೊಂದನ್ನು ನೇರವಾಗಿ ಬ್ಯಾಟರಿಯ ನೆಗೆಟಿವ್ ತುದಿಗೂ ಇಡಿ. ಅಲ್ಲಿ 0.2 ವೋಲ್ಟಿಗಿಂತ ಹೆಚ್ಚು ಕಾಣಬಾರದು. ನಿಮ್ಮ ಕಾರಿನಲ್ಲಿ ಒಂದು ವೋಲ್ಟಿಗಿಂತ ಹೆಚ್ಚೇ ಕಾಣುತ್ತದೆ ಎಂಬುದು ನನ್ನ ಊಹೆ. ಏಕೆಂದರೆ ಹೆಡ್‌ಲೈಟ್ ಮತ್ತು ಅದರ ಕೆಳಗಿನ ಇಂಡಿಕೇಟರ್ ಒಂದೇ ಅರ್ತ್ ಜೋಡಣೆಯನ್ನು ಹಂಚಿಕೊಂಡಿದ್ದು ಆ ಜೋಡಣೆ ಕೆಟ್ಟಿದ್ದರೆ ಮಾತ್ರ, ಇಂಡಿಕೇಟರ್ ಉರಿದಾಗಲೆಲ್ಲ ಅದರ ಕರೆಂಟೂ ಅದೇ ಇಕ್ಕಟ್ಟಿನ ದಾರಿಗೆ ನುಗ್ಗಿ ಹೆಡ್‌ಲೈಟನ್ನು ಇನ್ನಷ್ಟು ಮಂಕಾಗಿಸುತ್ತದೆ. ಬಲಗಡೆಯ ದೀಪ ಚೆನ್ನಾಗಿಯೇ ಇರುವುದು ಕೂಡ ಇದನ್ನೇ ಸೂಚಿಸುತ್ತದೆ. ಖಚಿತಪಡಿಸಿಕೊಳ್ಳಲು ಒಂದು ತುಂಡು ವಯರಿನಿಂದ ಆ ಅರ್ತ್ ಪಿನ್ನನ್ನು ಬ್ಯಾಟರಿಯ ನೆಗೆಟಿವ್‌ಗೆ ಮುಟ್ಟಿಸಿ ನೋಡಿ. ದೀಪ ತಟ್ಟನೆ ಪ್ರಕಾಶಮಾನವಾದರೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಆ ಅರ್ತ್ ವಯರ್ ಸಾಮಾನ್ಯವಾಗಿ ಕಪ್ಪು ಬಣ್ಣದ್ದಾಗಿದ್ದು, ಮುಂದಿನ ಮಡ್‌ಗಾರ್ಡಿನ ಒಳಬದಿಯಲ್ಲಿ ಒಂದು ಸ್ಕ್ರೂವಿನಿಂದ ಬಾಡಿಗೆ ಬಿಗಿದಿರುತ್ತದೆ. ಚಕ್ರ ಎರಚುವ ಕೆಂಪು ಕೆಸರು, ಆರು ತಿಂಗಳ ಮಳೆ ಮತ್ತು ಕಡಲಿನ ಉಪ್ಪುಗಾಳಿ ಮೂರೂ ಸೇರುವ ಜಾಗ ಅದು. ಬಿಚ್ಚಿ ನೋಡಿದರೆ ಸ್ಕ್ರೂವಿನ ಸುತ್ತ ತುಕ್ಕು ಇರುತ್ತದೆ, ವಯರಿನ ತಾಮ್ರದ ಎಳೆಗಳ ಮೇಲೆ ಮೈಲುತುತ್ತಿನ ಬಣ್ಣದ ಹುಡಿ ಕಟ್ಟಿರುತ್ತದೆ. ಹಸಿರಾದ ತುದಿಯನ್ನು ಕತ್ತರಿಸಿ ಹೊಸ ಲಗ್ (ಸ್ಕ್ರೂ ತೂರುವ ಲೋಹದ ತುದಿ) ಹಾಕಿ, ಬಾಡಿಯ ಬಣ್ಣವನ್ನು ಎಮರಿ ಪೇಪರಿನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಹಲ್ಲಿರುವ ವಾಷರ್ ಇಟ್ಟು ಬಿಗಿದು, ಮೇಲಿನಿಂದ ವ್ಯಾಸಲಿನ್ ಬಳಿಯಿರಿ. ನಾನು ಇದರ ಜೊತೆಗೆ ಎರಡೂ ದೀಪಗಳಿಂದ ಬ್ಯಾಟರಿಯವರೆಗೆ ಪ್ರತ್ಯೇಕ ಅರ್ತ್ ವಯರ್ ಎಳೆದಿದ್ದೇನೆ, ನಮ್ಮ ಹವೆಯಲ್ಲಿ ಅದು ಅಗತ್ಯವೆಂದೇ ನಂಬಿದ್ದೇನೆ.

ಬಳಿಕ ಪಾಸಿಟಿವ್ ಕಡೆಯನ್ನು ಹೀಗೆಯೇ ನೋಡಿ. ಬ್ಯಾಟರಿಯ ಪಾಸಿಟಿವ್ ತುದಿಗೂ ಉರಿಯುತ್ತಿರುವ ಬಲ್ಬಿನ ಪಾಸಿಟಿವ್ ಪಿನ್ನಿಗೂ ನಡುವೆ ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ದಾರಿಯನ್ನು ತುಂಡು ತುಂಡಾಗಿ ಅಳೆಯುತ್ತ ಬನ್ನಿ. ಮೂಲ ವಯರಿಂಗ್ ಉಳಿದಿದ್ದರೆ ಬ್ರಿಟಿಷ್ ಪದ್ಧತಿಯ ಬಣ್ಣಗಳು ನಿಮಗೆ ದಾರಿ ತೋರಿಸುತ್ತವೆ: ಸ್ವಿಚ್ಚಿನಿಂದ ಡಿಪ್ಪರಿಗೆ ಬರಿಯ ನೀಲಿ, ಅಲ್ಲಿಂದ ಬ್ರೈಟ್‌ಗೆ ನೀಲಿಯ ಮೇಲೆ ಬಿಳಿ ಗೆರೆ, ಡಿಮ್‌ಗೆ ನೀಲಿಯ ಮೇಲೆ ಕೆಂಪು ಗೆರೆ. ಡಿಪ್ಪರಿನ ಒಳಬರುವ ಮತ್ತು ಹೊರಹೋಗುವ ತುದಿಗಳ ನಡುವೆಯೇ ಅಳೆದರೆ ನಿಮ್ಮ ಮೂರನೆಯ ದೂರಿಗೆ ಉತ್ತರ ಸಿಗುತ್ತದೆ. ಒದ್ದೆ ಚಪ್ಪಲಿಯ ನೀರೆಲ್ಲ ಇಳಿಯುವ ನೆಲದಲ್ಲಿರುವ ಆ ಸ್ವಿಚ್ಚನ್ನು ತೊಳೆದು ಎಣ್ಣೆ ಬಿಟ್ಟರೆ ಕೆಲವು ವಾರ ನಡೆಯಬಹುದು, ಬದಲಿಸುವುದೇ ಸರಿ.

ಮಂಕು ಬೆಳಕಿಗೆ ಪರಿಹಾರವೆಂದು 100/90 ವಾಟಿನ ಬಲ್ಬ್ ಹಾಕಲು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ನಾನು ಒಪ್ಪಿದ್ದೆ. ಎರಡು ದೀಪ ಸೇರಿ ಬ್ರೈಟ್‌ನಲ್ಲಿ 16 ಆಂಪಿಯರಿಗಿಂತ ಹೆಚ್ಚು ಕರೆಂಟ್ ಆ ಹಳೆಯ ಸ್ವಿಚ್ ಮತ್ತು ಸಣ್ಣ ವಯರುಗಳ ಮೂಲಕ ಹರಿದು, ಒಂದು ರಾತ್ರಿ ಅಡ್ಕಸ್ಥಳದ ತಿರುವುಗಳಲ್ಲಿ ಸುಟ್ಟ ವಾಸನೆ ಬಂದು ಎರಡೂ ದೀಪಗಳು ಒಟ್ಟಿಗೆ ಆರಿಹೋದವು. ಹಿಂದಿನ ಸೀಟಿನಲ್ಲಿ ತಾಯಿ ಇದ್ದರು; ಆ ಕ್ಷಣದ ಕತ್ತಲೆ ಇಂದಿಗೂ ನೆನಪಿದೆ. ಶಾಶ್ವತ ಪರಿಹಾರ ಬೇಕೆಂದರೆ ಬ್ರೈಟ್‌ಗೆ ಒಂದು, ಡಿಮ್‌ಗೆ ಒಂದು ಎಂದು ಎರಡು ರಿಲೇ (ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಹಾಕಿಸಿ. ಬ್ಯಾಟರಿಯಿಂದ ಫ್ಯೂಸ್ ಮೂಲಕ 2.5 ಚದರ ಮಿಲಿಮೀಟರಿನ ವಯರ್ ರಿಲೇಯ 30ನೆಯ ತುದಿಗೆ, 87ರಿಂದ ದೀಪಗಳಿಗೆ, 85 ಅರ್ತಿಗೆ, ಡಿಪ್ಪರಿನಿಂದ ಬರುವ ಹಳೆಯ ವಯರ್ 86ಕ್ಕೆ. ಆಗ ಹಳೆಯ ಸ್ವಿಚ್ಚುಗಳು ರಿಲೇಯನ್ನು ಎಳೆಯುವಷ್ಟು ಅಲ್ಪ ಕರೆಂಟನ್ನು ಮಾತ್ರ ಹೊರುತ್ತವೆ, ಕಾರಿನ ಮೂಲ ರೂಪವೂ ಕೆಡುವುದಿಲ್ಲ.

ನಿಮ್ಮದು ಬ್ಯಾಟರಿ ಚಾರ್ಜ್ ಮಾಡಲು ಆಲ್ಟರ್ನೇಟರಿನ ಬದಲು ಇನ್ನೂ ಹಳೆಯ ಡೈನಮೋ ಇರುವ ಕಾರಾದರೆ, ನಿಂತಲ್ಲಿ ಎರಡೂ ದೀಪಗಳು ಸ್ವಲ್ಪ ಮಂಕಾಗಿ, ಆಕ್ಸಿಲೇಟರ್ ಒತ್ತಿದಾಗ ಚೇತರಿಸುವುದು ಅದರ ಸ್ವಭಾವ. ಅದನ್ನು ದೋಷವೆಂದು ಹುಡುಕುತ್ತ ಹೋಗಬೇಡಿ. ಇಷ್ಟೆಲ್ಲ ಸರಿಯಾದ ಮೇಲೂ ಎಡಗಡೆ ಬೆಳಕು ಕಡಿಮೆಯೆನಿಸಿದರೆ ಗಾಜಿನ ಹಿಂದಿನ ರಿಫ್ಲೆಕ್ಟರ್ ಕಪ್ಪಾಗಿರಬಹುದು. ಅದನ್ನು ಬಟ್ಟೆಯಿಂದ ಉಜ್ಜಿದರೆ ತೆಳುವಾದ ಲೇಪವೇ ಎದ್ದುಬರುವುದರಿಂದ, ಬದಲಿಸದೆ ಬೇರೆ ದಾರಿಯಿಲ್ಲ.

ಅರ್ತ್ ಕಡೆಯ ಮತ್ತು ಪಾಸಿಟಿವ್ ಕಡೆಯ ಎರಡು ಅಳತೆಗಳನ್ನು, ದೀಪ ಉರಿಯುತ್ತಿರುವಾಗ ತೆಗೆದುಕೊಂಡು, ಇಲ್ಲಿಯೇ ಬರೆಯಿರಿ. ಅರ್ತ್ ಸರಿಪಡಿಸಿದ ಬಳಿಕವೂ ಪಾಸಿಟಿವ್ ಕಡೆಯಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ನಷ್ಟ ಉಳಿದರೆ, ಮುಂದೆ ಯಾವ ಜೋಡಣೆಯನ್ನು ಬಿಚ್ಚಬೇಕೆಂದು ಆ ಅಂಕಿಗಳನ್ನು ನೋಡಿ ಹೇಳುತ್ತೇನೆ.